ಗೀಟು ಬೀಳದ ಪಾಸ್

ಅಥವಾ ಆ ಹಲಗೆ ಅವರ ಎಡಗೈಯಲ್ಲಿತ್ತೇನೋ. ಇಷ್ಟು ವರ್ಷ ಬಲಗೈ ಎಂದೇ ಹೇಳಿಕೊಂಡು ಬಂದಿದ್ದೇನೆ. ಈಗ ಬರೆಯಲು ಕೂತರೆ ಅವರ ಬಲಕಿವಿಯ ಮೇಲಿನ ಪೆನ್ನು ನೆನಪಾಗುತ್ತದೆ. ಪೆನ್ನು ತೆಗೆಯುವ ಕೈ ಖಾಲಿ ಇರಲೇಬೇಕಲ್ಲ. ಹಾಗಾದರೆ ಎಡಗೈ. ಹಲಗೆ ಇದ್ದದ್ದಂತೂ ಸುಳ್ಳಲ್ಲ. ಕಣದಲ್ಲಿ ಕಾಫಿ ಎಳೆಯುವ, ಉದ್ದ ಹಿಡಿಯ ಮರದ ಹಲಗೆ. ಅದನ್ನು ತಲೆಯ ಮೇಲೆ ಎತ್ತಿ ಹಿಡಿದು, ಪಂಚೆಯನ್ನು ಮೊಣಕಾಲಿಗೆ ಕಟ್ಟಿ, ರೈಟರ್ ಮಲ್ಲೇಶಪ್ಪನವರು ಚೆಂಡು ಹಿಡಿದ ನಮ್ಮ ಮುಂದೆ ಕಾಲಗಲಿಸಿ ನಿಲ್ಲುತ್ತಿದ್ದರು. ಐದೂಕಾಲು ಅಡಿಯ ಮನುಷ್ಯ. ಹಲಗೆ ಸೇರಿದರೆ ಎಂಟಡಿ.

"ನಾನೀಗ ಹಾಸನದ ಟೀಮಿನ ಹುಡ್ಗಿ ಕಣವ್ವ. ನನ್ನ ತಲೆ ಮೇಲಿಂದ ಹಾಕು ನೋಡಾನ."

ಹಾಕಲು ಆಗುತ್ತಿರಲಿಲ್ಲ. ಚೆಂಡು ಹಲಗೆಗೆ ಬಡಿದು ವಾಪಸು ನನ್ನ ಮುಖಕ್ಕೇ ಬರುತ್ತಿತ್ತು.

"ಆಗಕ್ಕಿಲ್ಲ ಅಂದ್ಮೇಲೆ ಯಾಕ್ ಹಾಕಕ್ ಹೋಗ್ತೀಯ? ಪಕ್ಕದಲ್ಲಿ ಒಬ್ಳು ಬಾಯ್ ಬುಟ್ಕೊಂಡು ನಿಂತವ್ಳಲ್ಲ, ಅವ್ಳಿಗೆ ಕೊಡು."

ಬಾಯಿ ಬಿಟ್ಟುಕೊಂಡು ನಿಂತಿರುತ್ತಿದ್ದವಳು ಅವರ ಮಗಳು ಪುಷ್ಪ.

ಹಾನುಬಾಳಿನ ಆಚೆಯ ಒಂದು ಎಸ್ಟೇಟಿನಲ್ಲಿ ಅವರು ರೈಟರಾಗಿದ್ದರು. ಬೆಳಿಗ್ಗೆ ಆಳುಗಳನ್ನು ಸಾಲಾಗಿ ನಿಲ್ಲಿಸಿ ಹಾಜರಿ ಪುಸ್ತಕದಿಂದ ಹೆಸರು ಕೂಗುವುದು, ಯಾರು ತೋಟದ ಯಾವ ಪಟ್ಟೆಗೆ ಹೋಗಬೇಕೆಂದು ಹೇಳುವುದು ಅವರ ಕೆಲಸ. ಹಾಗೆ ಕೂಗಿಸಿಕೊಳ್ಳುವವರಲ್ಲಿ ನನ್ನ ಅವ್ವನೂ ಒಬ್ಬಳು. ನಾವು ಆಳುಗಳ ಲೈನು ಮನೆಗಳಲ್ಲಿದ್ದೆವು. ಆ ಗುಡ್ಡಗಳಲ್ಲಿ ಚೆಂಡು ಇಟ್ಟ ಕಡೆ ನಿಲ್ಲುವಂಥ ಜಾಗವೇ ಇಲ್ಲ. ಸಿಮೆಂಟು ಹಾಕಿದ ಕಾಫಿ ಕಣವೊಂದೇ ಆಟಕ್ಕೆ ಒದಗುವ ನೆಲ. ಸಾವ್ಕಾರರನ್ನು ಹೇಗೆ ಒಪ್ಪಿಸಿದರೋ, ಸ್ಟೋರಿನ ಗೋಡೆಗೆ ಹಳೆಯ ಡ್ರಮ್ಮಿನ ಕಬ್ಬಿಣದ ಬಳೆ ಹೊಡೆಸಿ, ಗೋಣಿದಾರದ ಬಲೆ ಕಟ್ಟಿದರು. ಬ್ಯಾಸ್ಕೆಟ್‌ಬಾಲನ್ನು ತಾವೆಲ್ಲಿ ಕಲಿತದ್ದೆಂದು ನನಗೊಮ್ಮೆ ಮಿಲಿಟರಿಯಲ್ಲಿ ಎಂದರು, ಇನ್ನೊಮ್ಮೆ ಯಾವುದೋ ಕಾರ್ಖಾನೆಯಲ್ಲಿ ಎಂದರು. ಎರಡೂ ಸುಳ್ಳಿರಬಹುದು. ಅವರಿಗೆ ಆಟ ಬರುತ್ತಿದ್ದುದು ಸುಳ್ಳಲ್ಲ.

ಕುಯ್ಲಿನ ತಿಂಗಳುಗಳಲ್ಲಿ ಸಂಜೆ ಕಾಫಿಯನ್ನು ರಾಶಿ ಮಾಡಿ ಟಾರ್ಪಾಲು ಹೊದಿಸಿದ ಮೇಲೆ, ರಾಶಿಗಳ ನಡುವಿನ ಓಣಿಗಳಲ್ಲಿ ನಮ್ಮ ಆಟ. ಚೆಂಡನ್ನು ಬಡಿಯುತ್ತ ಮುಂದಕ್ಕೆ ತರುವವಳು ನಾನು. ಪಾಯಿಂಟ್ ಗಾರ್ಡ್ ಎಂಬ ಮಾತನ್ನು ಅವರು ಹೇಳಿಕೊಟ್ಟದ್ದು ಒಂದೇ ಸಲ. ಆಮೇಲೆಲ್ಲ ಅವರದೇ ಭಾಷೆ.

"ನೀನು ನಮ್ ಟೀಮಿನ ರೈಟ್ರು ಕಣವ್ವ ಸುಮಿ. ಯಾರು ಎಲ್ಲಿಗೋಗ್ಬೇಕು ಅಂತ ನೋಡೋಳು. ರೈಟ್ರು ಎಲ್ಲಾದ್ರೂ ತಾನೇ ಹಣ್ಣು ಕುಯ್ಯಕ್ ನಿಂತ್ಕೋತಾನಾ?"

ನನ್ನ ಹೆಸರಿಗೇ ಒಂದು ಪುಸ್ತಕವಿತ್ತು. ಹಾಜರಿ ಪುಸ್ತಕದ ಹಳೆಯ ಹಾಳೆಗಳನ್ನು ಹೊಲಿದು, ಹಿಂಬದಿಯಲ್ಲಿ ಬರೆಯುತ್ತಿದ್ದದ್ದು. ನಾನು ಕೊಟ್ಟ ಪಾಸ್ ಸರಿಯಾಗಿ ಕೈ ಸೇರಿದರೆ ಒಂದು ಗೀಟು. ಚೆಂಡು ಹಾಳಾದರೆ ಒಂದು ಅಡ್ಡಗುರುತು. ಬಳೆಗೆ ಬಿದ್ದದ್ದನ್ನು ಅದರಲ್ಲಿ ಬರೆಯುತ್ತಿರಲಿಲ್ಲ. ಯಾಕೆಂದು ಕೇಳಿದರೆ, "ಹಾಕಿದ್ದನ್ನ ಊರೇ ನೋಡ್ತದೆ. ಕೊಟ್ಟಿದ್ದನ್ನ ನೋಡಕ್ಕೆ ಒಬ್ಬನಾದ್ರೂ ಬ್ಯಾಡ್ವಾ?" ಎನ್ನುತ್ತಿದ್ದರು.

ಒಂದು ಸಂಜೆ ನಾನು ಯಾರಿಗೂ ಕೊಡದೆ ಮೂರು ಸಲ ಸಾಲಾಗಿ ಹಾಕಿದೆ. ಮೂರೂ ಬಿದ್ದವು. ಅವರು ಸೀಟಿ ಊದಿ ಹಲಗೆಯನ್ನು ನನ್ನ ಕೈಗೆ ಕೊಟ್ಟರು.

"ಮೂರೂ ಬಿದ್ವಲ್ಲ ರೈಟ್ರೇ."

"ಬಿದ್ವು. ಆಗ ಪುಷ್ಪ ಎಲ್ಲಿದ್ಲು, ಹೇಳು?"

ನಾನು ಅವಳನ್ನು ಹುಡುಕುತ್ತ ಸುತ್ತ ನೋಡಿದೆ.

"ಗೊತ್ತಿಲ್ಲ ಅಲ್ವಾ? ಆ ಮೂಲೇಲಿ ಚೆಲ್ಲಿರೋ ಕಾಫಿ ಎಳ್ದು ರಾಶಿಗೆ ಸೇರ್ಸು."

ಆವತ್ತು ಅದನ್ನು ಆಟದ ಪಾಠವೆಂದೇ ತಿಳಿದೆ. ಪೂರ್ತಿ ತಂಡವನ್ನು ಕಣ್ಣಲ್ಲಿಟ್ಟುಕೊಳ್ಳಬೇಕು ಎಂಬ ಪಾಠ. ಮನೆಗೆ ಬಂದು ಹೇಳಿದಾಗ ಅವ್ವ ಒಲೆ ಊದುತ್ತಲೇ ನಕ್ಕಳು. "ಆವಯ್ಯ ಬಳೆ ಹೊಡೆಸಿರೋದು ಮಗ್ಳಿಗೆ ಕಣೇ. ನೀನು ಅವ್ಳಿಗೆ ಚೆಂಡು ಹೊರೋ ಆಳು." ನಾನು ಸಿಟ್ಟಾಗಿ ಊಟ ಬಿಟ್ಟೆ. ಅವ್ವನ ಆ ಮಾತು ಮಾತ್ರ ಒಳಗೇ ಉಳಿಯಿತು, ಕಾಲಿಗೆ ಹೊಕ್ಕ ಮುಳ್ಳು ಮುರಿದು ಉಳಿಯುವ ಹಾಗೆ.

ಹತ್ತನೇ ಕ್ಲಾಸಿನ ವರ್ಷ ಹಾಸನದಲ್ಲಿ ನಮ್ಮ ಶಾಲೆಗೆ ಮ್ಯಾಚ್ ನಿಗದಿಯಾಯಿತು. ಕಣದಲ್ಲಿ ಆಡುವ ನಾವೇ ಶಾಲೆಯ ತಂಡ. ಕ್ರೀಡಾ ಹಾಸ್ಟೆಲಿಗೆ ಹುಡುಗಿಯರನ್ನು ಆರಿಸಲು ಇಬ್ಬರು ಬರುತ್ತಾರೆ, ಒಂದು ಶಾಲೆಯಿಂದ ಹೆಚ್ಚೆಂದರೆ ಒಬ್ಬಳು ಎಂದು ನಮ್ಮ ಪಿ.ಟಿ. ಮೇಷ್ಟ್ರು ಹೇಳಿದರು. ಆರಿಸಿದರೆ ಊಟ, ವಸತಿ, ಮುಂದಿನ ಎರಡು ವರ್ಷದ ಓದು. ಇಲ್ಲದಿದ್ದರೆ ನನ್ನ ಹೆಸರು ಅವ್ವನ ಹೆಸರಿನ ಕೆಳಗೆ ಹಾಜರಿ ಪುಸ್ತಕಕ್ಕೆ. ಸಕಲೇಶಪುರದ ಕಾಲೇಜಿಗೆ ಕಳಿಸುವುದು ಅವ್ವನ ಕೈಲಾಗದ ಮಾತು. ಪುಷ್ಪನಿಗೆ ಅಲ್ಲಿ ಚಿಕ್ಕಪ್ಪನ ಮನೆಯಿತ್ತು. ಹಾಸ್ಟೆಲ್ ಸಿಗದಿದ್ದರೂ ಅವಳು ಓದುತ್ತಿದ್ದಳು. ಇದು ರೈಟರಿಗೆ ಗೊತ್ತಿತ್ತು. ಗೊತ್ತಿತ್ತು ಎಂದೇ ನಾನು ಅಂದುಕೊಂಡಿದ್ದೇನೆ.

ಹಾಸನದ ಮೊದಲರ್ಧದಲ್ಲಿ ನನ್ನ ಹೆಚ್ಚಿನ ಪಾಸುಗಳು ಹಾಳಾದವು. ನೆಲಕ್ಕೆ ಪುಟಿಸಿ ಕೊಟ್ಟದ್ದೆಲ್ಲ ಪುಷ್ಪನ ಕೈಯಿಂದ ಒಂದು ಗೇಣು ಆಚೆಗೆ ಹೋಗಿ ಗೆರೆ ದಾಟುತ್ತಿತ್ತು. "ಏನೇ, ಕಣ್ಣು ಕಾಣಲ್ವೇನೇ?" ಎಂದು ಪುಷ್ಪ ಕಿರುಚಿದಳು. ನನಗೆ ಅಳು ಬರುತ್ತಿತ್ತು. ಕೈ ನನ್ನದಲ್ಲ ಅನ್ನಿಸುತ್ತಿತ್ತು.

ವಿರಾಮದಲ್ಲಿ ರೈಟರು ಅಂಕಣದ ನಡುವೆ ಕುಕ್ಕರುಗಾಲಲ್ಲಿ ಕೂತು ಚೆಂಡನ್ನು ನೆಲದ ಮೇಲಿಟ್ಟರು. ಅದು ಇಟ್ಟಲ್ಲೇ ನಿಂತಿತು. ಎತ್ತಿ ಇನ್ನೊಂದು ಕಡೆ ಇಟ್ಟರು, ಅಲ್ಲೂ ನಿಂತಿತು.

"ನಿಲ್ತದೆ ಕಣವ್ವ ಇದು," ಎಂದರು ಕೊನೆಗೆ.

ಕಾಫಿ ಕಣಕ್ಕೆ ವಾಟವಿರುತ್ತದೆ, ನೀರು ಹರಿದುಹೋಗಲಿ ಎಂದು. ಕಣ್ಣಿಗೆ ಕಾಣದಷ್ಟು. ನಮ್ಮ ಕಣದಲ್ಲಿ ಪುಟಿದ ಚೆಂಡು ಸ್ಟೋರಿನ ಚರಂಡಿಯ ಕಡೆ ವಾಲುತ್ತಿತ್ತು. ಅದಕ್ಕೆ ನಮ್ಮ ಕೈ ತಾನಾಗಿ ಒಂದು ಗೇಣು ಮೇಲಕ್ಕೆ ಎಸೆಯುವುದನ್ನು ಕಲಿತುಬಿಟ್ಟಿತ್ತು. ಹಾಸನದ ನೆಲ ಮಟ್ಟಸವಾಗಿತ್ತು.

"ಮೂರು ವರ್ಷ ನಿಮ್ಗೆ ವಾಟದ ಮೇಲೆ ಕಲಿಸ್ಬುಟ್ಟೆನಲ್ಲವ್ವ." ಅವರ ಮುಖ ಬೂದಿಯಾಗಿತ್ತು. ಆಮೇಲೆ ನನ್ನ ಭುಜ ಹಿಡಿದು, ದನಿ ತಗ್ಗಿಸಿ, "ಇನ್ನು ಯಾರ್ಗೂ ಕೊಡಬ್ಯಾಡ. ಪುಷ್ಪಂಗೂ ಕೊಡಬ್ಯಾಡ. ನೀನೇ ಹಾಕು," ಎಂದರು.

ಹೀಗೆಂದರು ಎಂದು ನಾನು ನಂಬಿದ್ದೇನೆ. ಪುಷ್ಪ ಆಗ ನಲ್ಲಿಯ ಹತ್ತಿರ ನೀರು ಕುಡಿಯುತ್ತಿದ್ದಳು. ಕೇಳಿದ ಸಾಕ್ಷಿ ಯಾರೂ ಇಲ್ಲ.

ನಾನೇ ಹಾಕಿದೆ. ನಾಲ್ಕು ಬಿದ್ದವು, ಹೆಚ್ಚಿನವು ಬೀಳಲಿಲ್ಲ. ಕೊನೆಯ ನಿಮಿಷದಲ್ಲಿ ನಾವು ಒಂದು ಪಾಯಿಂಟ್ ಹಿಂದಿದ್ದೆವು. ಚೆಂಡು ನನ್ನ ಕೈಯಲ್ಲಿ. ಎದುರಿನ ಹುಡುಗಿ ಜಾರಿ ಮೊಣಕಾಲೂರಿದಳು. ಬಳೆಯವರೆಗೆ ದಾರಿ ತೆರವು. ಹಲಗೆ ಇಲ್ಲ, ಎಂಟಡಿ ಇಲ್ಲ, ಯಾರೂ ಇಲ್ಲ. ನಾನು ಕೊಟ್ಟೆ. ನೆಲಕ್ಕೆ ಪುಟಿಸಿ, ನೇರ, ಆ ಒಂದು ಗೇಣನ್ನು ಬಿಟ್ಟು. ಅದು ಪುಷ್ಪನ ಎರಡೂ ಅಂಗೈಗಳ ನಡುವೆ ಹೋಗಿ ಕೂತಿತು. ಅಂಥ ಪಾಸ್ ನಾನು ಮೊದಲು ಕೊಟ್ಟಿರಲಿಲ್ಲ, ಆಮೇಲೂ ಕೊಡಲಿಲ್ಲ. ಅವಳು ಹಾಕಿದಳು. ಗೆದ್ದೆವು. ಎಲ್ಲರೂ ಅವಳನ್ನು ಎತ್ತಿಕೊಂಡರು.

ರೈಟರು ನನ್ನ ಗೀಟುಗಳ ಪುಸ್ತಕ ಹಿಡಿದು ಆರಿಸುವವರ ಮೇಜಿನ ಹತ್ತಿರ ಹೋದದ್ದು ಕಂಡಿತು. ಒಬ್ಬರು ಪುಸ್ತಕ ತೆಗೆದುಕೊಂಡು ನೋಡಿದರು, ಏನೋ ಕೇಳಿದರು. ರೈಟರು ತಲೆಯಾಡಿಸಿದರು. ಹೌದೆಂದೋ ಅಲ್ಲವೆಂದೋ ಅಷ್ಟು ದೂರಕ್ಕೆ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಪುಷ್ಪನ ಹೆಸರು ಓದಿದರು.

ಬಸ್ಸಿನಲ್ಲಿ ಅವರು ಮಗಳ ಪಕ್ಕ, ನನ್ನ ಮುಂದಿನ ಸೀಟಿನಲ್ಲಿ ಕೂತಿದ್ದರು. ಆಲೂರು ದಾಟಿದ ಮೇಲೆ ಒಮ್ಮೆ ಹಿಂದಿರುಗಿ ನೋಡಿದರು.

"ಹಾಕು ಅಂದಿದ್ನಲ್ಲ ಮಾರಾಯ್ತಿ."

ಅಷ್ಟೇ. ನಾನು ಕಿಟಕಿಯ ಕಡೆ ತಿರುಗಿದೆ.

ಹತ್ತನೇ ಕ್ಲಾಸು ಮುಗಿದ ಮೇಲೆ ಬಂದ ಕುಯ್ಲಿನ ಮೊದಲ ಬೆಳಿಗ್ಗೆ ನಾನು ಅವ್ವನ ಪಕ್ಕ, ಸೊಂಟಕ್ಕೆ ಚೀಲ ಕಟ್ಟಿಕೊಂಡು ಸಾಲಿನಲ್ಲಿ ನಿಂತೆ. ಅವರು ಹೆಸರು ಕೂಗುತ್ತ ಬಂದರು. ಅವ್ವನದಾದ ಮೇಲೆ ನನ್ನ ಸರದಿ. ಪೆನ್ನು ಕಿವಿಯ ಮೇಲಿತ್ತು, ತೆಗೆದು ಬರೆದರು.

"ಸುಮಿತ್ರ."

"ಬಂದಿವ್ನಿ."

ಅವರು ತಲೆ ಎತ್ತಲಿಲ್ಲ. ರಸ್ತೆ ಪಕ್ಕದ, ಇಳಿಜಾರು ಕಮ್ಮಿ ಇರುವ ಪಟ್ಟೆಗೆ ನನ್ನನ್ನು ಹಾಕಿದರು. ಆ ಇಡೀ ಕುಯ್ಲು ಅದೇ ಪಟ್ಟೆ. ಬೇರೆ ಹೆಂಗಸರು ಆಡಿಕೊಂಡರು. ಅದು ದಯೆಯೋ ಪಶ್ಚಾತ್ತಾಪವೋ ಕೇಳಲು ನನಗೆ ಬಾಯಿ ಬರಲಿಲ್ಲ. ಅವರೂ ಆಟದ ಮಾತೆತ್ತಲಿಲ್ಲ. ಒಂದು ದಿನ ನೋಡಿದರೆ ಸ್ಟೋರಿನ ಗೋಡೆಯ ಮೇಲೆ ಬಳೆ ಇರಲಿಲ್ಲ, ಮೊಳೆಯ ತೂತುಗಳಿದ್ದವು. ಎರಡು ಕುಯ್ಲು ಮುಗಿಸಿ ನಾನು ಆಲೂರಿನ ಹೊಲಿಗೆ ಅಂಗಡಿ ಸೇರಿದೆ. ಹೋಗುವ ದಿನವೂ ಅವರು ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿಗೆ ಗೆರೆ ಎಳೆದು, "ಸರಿ ಕಣವ್ವ," ಎಂದಷ್ಟೇ ಅಂದರು. ಅದೇ ಕೊನೆ.

ಅವರು ತೀರಿಕೊಂಡ ತಿಂಗಳ ಮೇಲೆ ಪುಷ್ಪ ಅಂಗಡಿಗೆ ಬಂದಳು. ಎರಡು ವರ್ಷ ಆಡಿ, ಮೊಣಕಾಲು ಕೆಟ್ಟು, ಈಗ ಯಾವುದೋ ಶಾಲೆಯಲ್ಲಿ ಮಕ್ಕಳಿಗೆ ಡ್ರಿಲ್ ಮಾಡಿಸುತ್ತಾಳೆ. ಗೀಟುಗಳ ಆ ಪುಸ್ತಕವನ್ನು ನನ್ನ ಮೆಷಿನ್ನಿನ ಮೇಲಿಟ್ಟಳು.

"ಅಪ್ಪನ ಪೆಟ್ಗೇಲಿತ್ತು. ನಿನ್ ಹೆಸ್ರೈತೆ, ನೀನೇ ಇಟ್ಕೋ." ಆಮೇಲೆ, "ಆವತ್ತು ನಂಗೆ ಯಾಕೆ ಕೊಟ್ಟೆ? ನಾನಾಗಿದ್ರೆ ಹಾಕ್ಬುಡ್ತಿದ್ದೆ," ಎಂದಳು.

"ಕೈ ಕೊಟ್ಬುಡ್ತು," ಎಂದೆ. ಅದು ನಿಜವೂ ಇರಬಹುದು.

ಅವಳು ಹೋದ ಮೇಲೆ ಹಾಸನದ ದಿನದ ಹಾಳೆ ಹುಡುಕಿದೆ. ಮೊದಲರ್ಧದ ಕೆಳಗೆ ಒಂಬತ್ತು ಅಡ್ಡಗುರುತು, ಎರಡೇ ಗೀಟು. ಎರಡನೆಯ ಅರ್ಧ ಎಂದು ಬರೆದು ಅಡಿಗೆರೆ ಎಳೆದಿದ್ದಾರೆ. ಅದರ ಕೆಳಗೆ ಏನೂ ಇಲ್ಲ. ಕೊನೆಯ ಪಾಸಿನ ಗೀಟು ಇಲ್ಲ. ಎರಡನೆಯ ಅರ್ಧದಲ್ಲೂ ಅವರು ಪೆನ್ನು ಹಿಡಿದು ಬರೆಯುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೆ, ಕಂಡಿದ್ದೆ ಎಂದುಕೊಂಡಿದ್ದೆ.

ಆರಿಸುವವರು ನೋಡಿದ್ದು ಈ ಹಾಳೆಯನ್ನೇ ಆಗಿದ್ದರೆ ಅವರಿಗೆ ಕಂಡದ್ದು ನನ್ನ ಒಂಬತ್ತು ತಪ್ಪುಗಳು. ಬೇರೆ ಹಾಳೆ ತೆಗೆದು ತೋರಿಸಿದ್ದರೆ ಮೂರು ವರ್ಷದ ಗೀಟುಗಳು. ಯಾವ ಹಾಳೆ ತೋರಿಸಿದರು, ಯಾರ ಹೆಸರು ಹೇಳಿದರು, ನನಗೆ ಗೊತ್ತಿಲ್ಲ.