ಒಂದೇ ಕಾಗದದ ಎರಡು ಕೂಸುಗಳು

ಶನಿವಾರಕ್ಕೆ ಇನ್ನು ಮೂರೇ ದಿನ. ಆ ಶನಿವಾರ ಬರದೇ ಹೋದರೆ ಸಾಕು ಎಂದು ಮಾಲ್ಜಾ ಬೆಳಗಿನಿಂದ ಎಷ್ಟು ಸಲ ಅಂದುಕೊಂಡಳೋ. ಸೊಪ್ಪು ಬಿಡಿಸುವಾಗಲೂ ಅದೇ, ಅಕ್ಕಿ ತೊಳೆಯುವಾಗಲೂ ಅದೇ. ಶನಿವಾರ ಸಿಗ್ನೆ ಎಂಬ ಹುಡುಗಿ ರೈಲು ಹತ್ತಿ ಮೊಕ್ಪೋ ಊರಿಗೆ ಹೋಗುತ್ತಾಳೆ, ಹೆತ್ತ ತಾಯಿಯೆಂದು ಒಬ್ಬ ಹೆಂಗಸನ್ನು ತಬ್ಬಿಕೊಳ್ಳುತ್ತಾಳೆ. ಆ ಹೆಂಗಸು ಅವಳ ತಾಯಿಯಲ್ಲ. ಅದು ಗೊತ್ತಿದ್ದದ್ದು ಮಾಲ್ಜಾ ಒಬ್ಬಳಿಗೇ.

ಅರವತ್ತನಾಲ್ಕರ ಮಾಲ್ಜಾ ಕೊರಿಯಾದ ಸೋಲ್ ನಗರದ ಈ ಎರಡು ಕೋಣೆಯ ಮನೆಯಲ್ಲಿ ಹದಿನಾರು ವರ್ಷ ಸಾಕುತಾಯಿಯಾಗಿದ್ದವಳು. ಪರದೇಶಕ್ಕೆ ದತ್ತು ಹೋಗುವ ಕೂಸುಗಳನ್ನು ಸಂಸ್ಥೆಯವರು ತಂದು ಅವಳ ಮಡಿಲಿಗೆ ಹಾಕುತ್ತಿದ್ದರು. ವಿಮಾನದ ದಿನ ಬರುವ ತನಕ ಹಾಲು, ಸ್ನಾನ, ಜ್ವರ, ಭೇದಿ ಎಲ್ಲ ಅವಳದೇ. ಒಂದು ಕೂಸನ್ನು ಕಳಿಸಿ ಬಂದ ದಿನ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ. ಆಗಿನ್ನೂ ಶಾಲೆಗೆ ಹೋಗುತ್ತಿದ್ದ ಮಗಳು ಹೇಸುಕ್, "ನನ್ನನ್ನೂ ಯಾರಿಗಾದ್ರೂ ಕೊಟ್ಬಿಡಮ್ಮ, ಆವಾಗ್ಲಾದ್ರೂ ನನಗೋಸ್ಕರ ಅಳ್ತೀಯ" ಎಂದು ಹಂಗಿಸುತ್ತಿದ್ದಳು.

ಸಾವಿರದ ಒಂಬೈನೂರ ಎಂಬತ್ತಾರರ ಚಳಿಗಾಲದಲ್ಲಿ ಬಂದದ್ದು ಉನ್ಜು, ಮೂರು ತಿಂಗಳ ಹೆಣ್ಣುಕೂಸು. ಡೆನ್ಮಾರ್ಕಿನ ದಂಪತಿ ಫೋಟೋ ನೋಡಿ ಒಪ್ಪಿದ್ದರು, ಕಾಗದಪತ್ರವೆಲ್ಲ ಮುಗಿದಿತ್ತು. ಹೊರಡಲು ಒಂಬತ್ತು ದಿನವಿರುವಾಗ ಕೂಸಿಗೆ ಎದೆಯಲ್ಲಿ ಕಫ ಕಟ್ಟಿತು. ಮಾಮೂಲಿ ನೆಗಡಿ ಎಂದುಕೊಂಡ ಮಾಲ್ಜಾ ಒಂದು ದಿನ ಕಾದಳು. ಆ ಒಂದು ದಿನವನ್ನು ಅವಳು ಇಂದಿಗೂ ಮರೆತಿಲ್ಲ. ಮೂರನೆಯ ದಿನ ಆಸ್ಪತ್ರೆಯಲ್ಲಿ ಉನ್ಜು ಅವಳ ತೋಳಿನಲ್ಲೇ ಕಣ್ಮುಚ್ಚಿತು. ಹಸುಗೂಸಿಗೆ ಗೋರಿಯಿಲ್ಲ, ವರ್ಷಾಂತಿಕದ ಎಡೆಯಿಲ್ಲ. ಸಂಸ್ಥೆಯವರು ಬಟ್ಟೆಯಲ್ಲಿ ಸುತ್ತಿ ಒಯ್ದರು. ಎಲ್ಲಿಗೆ ಎಂದು ಅವಳು ಕೇಳಲಿಲ್ಲ.

ಮರುದಿನವೇ ಸಂಸ್ಥೆಯ ಹೆಂಗಸು ಇನ್ನೊಂದು ಹೆಣ್ಣುಕೂಸನ್ನು ಎತ್ತಿಕೊಂಡು ಬಂದಳು. ಪೊಲೀಸ್ ಠಾಣೆಯ ಮೆಟ್ಟಿಲ ಮೇಲೆ ಸಿಕ್ಕಿದ್ದು, ಹೆಸರಿಲ್ಲ, ಚೀಟಿಯಿಲ್ಲ. ಹೊಸದಾಗಿ ಕಾಗದ ಮಾಡಿಸಲು ತಿಂಗಳುಗಟ್ಟಲೆ ಬೇಕು, ಅಲ್ಲಿ ತೊಟ್ಟಿಲು ಸಿದ್ಧಮಾಡಿ ಕಾಯುತ್ತಿದ್ದಾರೆ, ಈ ವಯಸ್ಸಿನ ಕೂಸುಗಳ ಮುಖ ದಿನಕ್ಕೊಂದು ತೆರ, ಯಾರಿಗೆ ತಿಳಿಯುತ್ತದೆ ಎಂದಳು. ಆಮೇಲೆ ದನಿ ತಗ್ಗಿಸಿ, "ಈ ಮಗೂಗೂ ಒಂದು ಮನೆ ಬೇಕಲ್ವೇನಕ್ಕ" ಎಂದಳು. ಉನ್ಜುಗೆಂದು ಹೊಲಿದಿಟ್ಟ ಬಣ್ಣದ ತೋಳಿನ ಅಂಗಿಯನ್ನು ಈ ಕೂಸಿಗೆ ತೊಡಿಸಿ ಮಾಲ್ಜಾ ತಾನೇ ವಿಮಾನ ನಿಲ್ದಾಣಕ್ಕೆ ಹೊತ್ತೊಯ್ದಳು. ಉನ್ಜುವಿನ ಕಾಗದದ ಮೇಲೆ ಅದು ಹಾರಿಹೋಯಿತು.

ಆ ಕೂಸೇ ಸಿಗ್ನೆ. ದತ್ತುಹೋದವರು ಹುಟ್ಟಿದ ನಾಡಿಗೆ ಬಂದು ಒಂದು ವರ್ಷ ಭಾಷೆ ಕಲಿಯಲೆಂದು ಕೊಡುವ ವಿದ್ಯಾರ್ಥಿವೇತನ ಅವಳಿಗೆ ಮೂರನೆಯ ಅರ್ಜಿಗೆ ಸಿಕ್ಕಿತ್ತು. ವಾಸ, ಪಾಠ ಎಲ್ಲ ಅದರಲ್ಲೇ. ಹೆತ್ತವರನ್ನು ಹುಡುಕಿಕೊಡಲೂ ಆ ವೇತನ ಕೊಡುವ ಕಚೇರಿಯಲ್ಲಿ ಒಬ್ಬರಿದ್ದರು. ಕಡತದಲ್ಲಿ ಸಾಕುತಾಯಿಯ ಹೆಸರು ನೋಡಿ ಅವಳು ಮೊದಲು ಬಂದದ್ದು ಮಾಲ್ಜಾಳ ಬಾಗಿಲಿಗೆ. ಆಗಲೇ ಹೇಳಿಬಿಡಬಹುದಿತ್ತು. ಹುಡುಗಿ "ಅಜ್ಜಿ" ಎಂದು ನೆಲಕ್ಕೆ ಹಣೆ ಹಚ್ಚಿದಳು, ಮಾಲ್ಜಾ ಅವಳನ್ನು ಎಬ್ಬಿಸಿ ಊಟಕ್ಕೆ ಕೂರಿಸಿದಳು. ಆಮೇಲೆ ಸಿಗ್ನೆ ಪ್ರತಿ ಭಾನುವಾರ ಬಂದಳು, ಕಿಮ್ಚಿ ಉಪ್ಪಿನಕಾಯಿ ಕಲಸಲು ಕೂತಳು, ಮಾಲ್ಜಾ ಆಡಿದಂತೆಯೇ ಮಾತಾಡಲು ಕಲಿತಳು.

"ನಮ್ಮ ಮೇಷ್ಟ್ರು ನಗ್ತಾರಜ್ಜಿ. ನಿಂಗೇನು ಹಲ್ಲಿಲ್ಲದ ಮುದುಕಿ ಪಾಠ ಹೇಳ್ಕೊಟ್ಲಾ ಅಂತಾರೆ."

"ನಂಗಿನ್ನೂ ಹನ್ನೊಂದು ಹಲ್ಲಿದೆ ಅಂತ ಹೇಳು ಆ ನಿಮ್ಮ ಮೇಷ್ಟ್ರಿಗೆ."

ಕಳೆದ ವಾರ ಕಚೇರಿಯವರು ಉನ್ಜುವಿನ ತಾಯಿಯನ್ನು ಮೊಕ್ಪೋದಲ್ಲಿ ಪತ್ತೆಹಚ್ಚಿದರು. ರಕ್ತಪರೀಕ್ಷೆ ಮಾಡಿಸಿ ಎಂದರೆ, ಹೆತ್ತ ಮಗಳ ಗುರುತಿಗೆ ಸೂಜಿ ಬೇಕೇ ಎಂದು ಆಕೆ ಒಪ್ಪಲಿಲ್ಲವಂತೆ. ಇಪ್ಪತ್ತಾರು ವರ್ಷ ಮಗಳು ಹುಟ್ಟಿದ ದಿನ ತಪ್ಪದೆ ಕಡಲಪಾಚಿಯ ಸಾರು ಮಾಡಿ ಒಂದು ಬಟ್ಟಲು ಎತ್ತಿಡುತ್ತಿದ್ದಳಂತೆ. ಅದನ್ನು ಹೇಳುತ್ತ ಸಿಗ್ನೆ ಮಾಲ್ಜಾಳ ತೊಡೆಯ ಮೇಲೆ ಮುಖವಿಟ್ಟು ಅತ್ತಳು.

ಈ ದಿನ ಮಧ್ಯಾಹ್ನ ಹೇಸುಕ್ ಬಂದಾಗ ಮಾಲ್ಜಾ ಎಲ್ಲ ಹೇಳಿಬಿಟ್ಟಳು. ಹೇಸುಕ್, "ಒಬ್ಬಳಿಗೆ ಮಗಳು ಸಿಕ್ತಾಳೆ, ಒಬ್ಬಳಿಗೆ ತಾಯಿ ಸಿಕ್ತಾಳೆ. ನೀನ್ಯಾಕಮ್ಮ ನಡುವೆ ಕಲ್ಲು ಹಾಕ್ತೀಯ? ಕಾಗದ ಅವಳದ್ದಲ್ಲ ಅಂತ ಗೊತ್ತಾದ್ರೆ ಆ ವಿದ್ಯಾರ್ಥಿವೇತನಾನೂ ಕಿತ್ಕೊಂಡ್ರೆ?" ಎಂದಳು.

"ಎಲ್ಲರಿಗೂ ಒಳ್ಳೇದಾಗುತ್ತೆ ಅಂತಲೇ ಆವತ್ತೂ ನಾನು ಬಾಯಿ ಮುಚ್ಕೊಂಡಿದ್ದು" ಎಂದಳು ಮಾಲ್ಜಾ. "ಇವಳನ್ನ ಹೆತ್ತವಳು ಇನ್ನೆಲ್ಲೋ ಇದ್ದಾಳಲ್ಲೇ. ಇವಳು ಹುಡುಕೋದು ನಿಲ್ಲಿಸಿಬಿಟ್ರೆ ಅವಳ ಗತಿ ಏನು? ಉನ್ಜು ಸತ್ತಿದ್ದಕ್ಕೆ ಇವತ್ತಿನವರೆಗೂ ಅವಳಮ್ಮ ಅತ್ತಿಲ್ಲ."

ಮಗಳು ಹೋದ ಮೇಲೆ ಫೋನು ಕೈಗೆತ್ತಿಕೊಂಡಳು. ಎರಡು ಸಲ ಕೆಳಗಿಟ್ಟಳು. ಮೂರನೆಯ ಸಲ ಒತ್ತಿದಳು.

"ಅಜ್ಜಿ, ನಾನೇ ಮಾಡೋಳಿದ್ದೆ. ಶನಿವಾರ ಯಾವ ಬಟ್ಟೆ ಹಾಕ್ಕೊಂಡು ಹೋಗ್ಲಿ?"

"ಮಗೂ, ಎಲ್ಲಾದ್ರೂ ಕೂತ್ಕೊ. ಕೂತ್ಕೊಂಡ್ಯಾ?" ಮಾಲ್ಜಾ ಉಸಿರು ಎಳೆದುಕೊಂಡಳು. "ಉನ್ಜು ನನ್ನ ಕೈಯಲ್ಲೇ ತೀರ್ಕೊಂಡ್ಲು. ನೀನು ಮಾರನೇ ದಿನ ಬಂದವಳು."