ಹೆಂಗಸರ ಕಡೆಯ ನೀರು

ಹೆಂಡತಿ ನರ್ಸ್ ಕೆಲಸಕ್ಕೆಂದು ಕೊಲ್ಲಿ ದೇಶಕ್ಕೆ ಹೋದ ಮೇಲೆ ನಾನು ಟೀ ಅಂಗಡಿಗೆ ಹೋಗುವುದನ್ನು ಬಿಟ್ಟಿದ್ದೆ. ಹೋಗಿ ಕೂತರೆ ಸಾಕು, "ಏನಪ್ಪಾ, ಇವತ್ತು ಏನ್ ಸಾರು ಮಾಡ್ದೆ?" ಎಂದು ಒಬ್ಬ ಕೇಳುತ್ತಿದ್ದ, ಉಳಿದವರು ಗ್ಲಾಸಿನೊಳಗೇ ನಗುತ್ತಿದ್ದರು. ನಾನು ಶಾಲೆ ಅರ್ಧಕ್ಕೆ ಬಿಟ್ಟು ದ್ರಾಕ್ಷಿ ಚಪ್ಪರದ ಕೆಳಗೆ ಬೆಳೆದವನು. ಕತ್ತು ಮೇಲೆತ್ತಿ ದಿನವಿಡೀ ಬಳ್ಳಿ ಕತ್ತರಿಸಿದವನಿಗೆ ಇನ್ನೊಬ್ಬರ ಮುಂದೆ ಅದನ್ನು ತಗ್ಗಿಸಿ ಅಭ್ಯಾಸವಿರಲಿಲ್ಲ. ಅನ್ನ ಬೇಯಿಸುವುದು, ಸಮವಸ್ತ್ರ ಒಗೆಯುವುದು, ಮಗನ ಜ್ವರ ನೋಡಿಕೊಳ್ಳುವುದು, ಎಲ್ಲವನ್ನೂ ಕಲಿತುಕೊಂಡೆ. ಮಕ್ಕಳಿಗೆ ಅಮ್ಮ ಸಿಗುತ್ತಿದ್ದುದು ಫೋನಿನ ವಿಡಿಯೊದಲ್ಲಿ ಮಾತ್ರ. ಯಾರನ್ನೂ ಏನೂ ಕೇಳಲಿಲ್ಲ.

ಬೇಸಿಗೆ ರಜೆ ಶುರುವಾದಾಗ ತೇನಿ ಕಡೆಯ ನಮ್ಮ ಊರಿಗೆ ದಿಂಡುಗಲ್ಲಿನಿಂದ ಅತ್ತೆ, ಹೆಂಡತಿಯ ತಾಯಿ, ಬಂದರು. ಮೊಮ್ಮಗಳ ತಲೆ ನೋಡಿದವರೇ ಅಳಿಯನಾದ ನನ್ನ ಕಡೆ ತಿರುಗಿದರು.

"ಮಾಪ್ಳೆ, ಗಂಡು ಕೂಸು ನಿಮ್ಮ ತಾವೇ ಇರ್ಲಿ. ಹೆಣ್ ಕೂಸ್ನ ನನ್ ಕೂಡೆ ಕಳ್ಸಿ. ಅಲ್ಲೇ ಇಸ್ಕೂಲಿಗೆ ಸೇರ್ಸೋಣ."

"ನಾನು ಬದ್ಕಿದ್ದೀನಲ್ಲ ಅತ್ತೆ."

"ಬದ್ಕಿದ್ರೆ ಆಯ್ತಾ? ಜಡೆ ಹಾಕಕ್ಕೆ ಬರ್ತದಾ?"

"ಕಲ್ತ್ಕೊಂತೀನಿ."

ಮಗಳು ಹೊಸಿಲ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. ನನ್ನ ಮಾತು ಅವಳಿಗೆ ಒಪ್ಪಿಗೆಯಾಯಿತೆಂದು ತಿಳಿದೆ. ಅತ್ತೆ ಮರುದಿನ ಒಬ್ಬರೇ ಹೊರಟರು. ಬಸ್ಸು ಹತ್ತುವಾಗ, "ಯೋಚ್ನೆ ಮಾಡಿ, ರಜ ಮುಗಿಯೋ ತನ್ಕ ಟೈಮ್ ಐತೆ" ಎಂದಷ್ಟೇ ಹೇಳಿದರು.

ಆ ಭಾನುವಾರವೇ ಮಕ್ಕಳನ್ನು ಸುರುಳಿ ಜಲಪಾತಕ್ಕೆ ಹೊರಡಿಸಿದೆ. ಅಮ್ಮ ಇಲ್ಲದಿದ್ದರೂ ನಮ್ಮ ಮನೆಯಲ್ಲಿ ಯಾವುದಕ್ಕೂ ಕೊರತೆಯಿಲ್ಲ ಎಂದು ತೋರಿಸಬೇಕಿತ್ತು. ಯಾರಿಗೆ ತೋರಿಸಬೇಕಿತ್ತೋ ಅವರು ದಿಂಡುಗಲ್ಲಿನಲ್ಲಿದ್ದರು, ಅದು ಬೇರೆ ಮಾತು. ಬೆಳಿಗ್ಗೆ ಬೇಗ ಎದ್ದು ಹುಳಿಯನ್ನ ಕಲಸಿ ಬಾಳೆಲೆಯಲ್ಲಿ ಕಟ್ಟಿದೆ. ಕಂಬಂ ಪೇಟೆಯಿಂದ ಬಸ್ಸು. ಗೇಟಿನಲ್ಲಿ ಟಿಕೆಟ್ ತೆಗೆದು ಕಾಡಿನ ದಾರಿ ಹಿಡಿದೆವು. ಮಗನಿಗೆ ಆಗ ನಾಲ್ಕು ವರ್ಷ, ಸ್ವಲ್ಪ ದೂರ ನಡೆದು ನನ್ನ ಹೆಗಲೇರಿದ. ಮಗಳು ಎರಡನೇ ಕ್ಲಾಸು ಮುಗಿಸಿದವಳು. ಕೈ ಹಿಡಿಯಲು ಹೋದರೆ, "ಬಿಡಪ್ಪಾ, ನಾನೇ ನಡೀತೀನಿ" ಎಂದು ಮುಂದೆ ಹೋದಳು.

ಮರದಿಂದ ಒಂದು ಕೋತಿ ಮರಿಯನ್ನು ಹೊಟ್ಟೆಗೆ ಅಂಟಿಸಿಕೊಂಡು ಇಳಿಯಿತು. ಅದರ ಹಿಂದೆಯೇ ಇನ್ನೊಂದು ಮರಿ ಒಂಟಿಯಾಗಿ ಬಂದು ನಮ್ಮ ಚೀಲವನ್ನೇ ನೋಡುತ್ತ ಕೂತಿತು.

"ಅಪ್ಪಾ, ಆ ಸಣ್ ಕೋತಿಗೆ ಅಮ್ಮ ಐತಾ?" ಎಂದ ಮಗ ಹೆಗಲ ಮೇಲಿಂದ.

"ಐತೆ ರಾಸಾ."

"ಫೋನ್‌ನಾಗಾ?"

ಮಗಳು ಕಿಸಕ್ಕನೆ ನಕ್ಕಳು. ನಾನೂ ನಕ್ಕೆ. ನೀರಿನ ಸದ್ದು ಹತ್ತಿರವಾಗುತ್ತಾ ಬಂತು.

ಅಲ್ಲಿ ಸ್ನಾನಕ್ಕೆ ಗಂಡಸರಿಗೊಂದು ಕಡೆ, ಹೆಂಗಸರಿಗೊಂದು ಕಡೆ. ಮಗನ ಅಂಗಿ ಬಿಚ್ಚಿ, ಬನ್ನಿ ಎಂದೆ. ಮಗಳು ನಿಂತಲ್ಲೇ ನಿಂತಳು.

"ನಾನು ಗಂಡಸ್ರ ಕಡೆ ಬರಲ್ಲ. ಹೋದ್ ಸಲ ಅಮ್ಮನ ಕೂಡೆ ಆ ಕಡೆ ಹೋಗಿದ್ದೆ."

"ಅಮ್ಮ ಇಲ್ವಲ್ಲ ಕಣ್ಣು."

"ಇಲ್ದಿದ್ರೂ ಬರಲ್ಲ."

ಜಾರುವ ಬಂಡೆ, ರಭಸದ ನೀರು. ಒಬ್ಬಳನ್ನೇ ಆ ಕಡೆ ಕಳಿಸುವಂತಿಲ್ಲ, ನಾನು ಹೋಗುವಂತಿಲ್ಲ. ಇಷ್ಟು ದಿನ ಎಲ್ಲವನ್ನೂ ಮಾಡಿದವನು ನೀರಿನ ಮುಂದೆ ಚೀಲ ಹಿಡಿದು ನಿಂತುಬಿಟ್ಟೆ.

ಹತ್ತಿರದ ಮೆಟ್ಟಿಲ ಮೇಲೆ ಒಬ್ಬ ಮುದುಕಿ ಇಬ್ಬರು ಸೊಸೆಯರೊಂದಿಗೆ ಕೂತಿದ್ದಳು. ಚೊಂಬು ಸಿಗದೆ ಒಬ್ಬಳನ್ನು ಬಯ್ಯುತ್ತಿದ್ದಳು. "ಕೈಗೆ ಒಂದ್ ಕೆಲ್ಸ ಬರಲ್ಲ, ಬಾಯಿ ಮಾತ್ರ ಬೋಡಿಮೆಟ್ಟು ಘಾಟಿ ಬಸ್ಸು! ತಿರುವಿಗೊಂದ್ ಹಾರನ್ನು!" ಸೊಸೆ ಬಿದ್ದು ಬಿದ್ದು ನಗುತ್ತಿದ್ದಳು.

ಬೈಗುಳ ತಮಿಳುನಾಡಿನಲ್ಲಿ ನೆಲೆಸಿದ ನಮ್ಮ ಜನ ಮನೆಯೊಳಗೆ ಆಡುವ ಕನ್ನಡದಲ್ಲಿತ್ತು. ಬೇರೆ ದಿನವಾಗಿದ್ದರೆ ಹತ್ತಿರ ಹೋಗಿ ಯಾವ ಊರು ಎಂದು ಕೇಳುತ್ತಿದ್ದೆ. ಆದರೆ ನಮ್ಮ ಜನರ ಮಧ್ಯೆ ಎರಡು ಪ್ರಶ್ನೆ ಕೇಳಿದರೆ ನಂಟು ಸಿಕ್ಕಿಬಿಡುತ್ತದೆ. ಮಗಳಿಗೆ ಸ್ನಾನ ಮಾಡಿಸಲು ದಾರಿಯಲ್ಲಿ ಸಿಕ್ಕವರನ್ನು ಬೇಡಿದ ಎಂಬ ಸುದ್ದಿ ನನಗಿಂತ ಮುಂಚೆ ದಿಂಡುಗಲ್ಲು ತಲುಪುತ್ತದೆ. ಅದಕ್ಕೇ ತಮಿಳಿನಲ್ಲಿ ಕೇಳಿದೆ, ಈ ಮಗುವನ್ನು ಸ್ವಲ್ಪ ಜೊತೆಗೆ ಕರೆದುಕೊಂಡು ಹೋಗುತ್ತೀರಾ ಎಂದು. ಮುದುಕಿ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ಸರಿ ತಂಬಿ" ಎಂದು ಮಗಳ ಕೈ ಹಿಡಿದಳು. ನನ್ನ ಕೈ ಬೇಡವೆಂದವಳು ಆ ಕೈ ಹಿಡಿದು ಹೋದಳು, ತಿರುಗಿ ನೋಡಲಿಲ್ಲ.

ಮಗನಿಗೆ ಬೀಳುವ ನೀರಿನ ಭಯ. ಅಂಚಿನಲ್ಲಿ ಕೂರಿಸಿ ಬೊಗಸೆಯಲ್ಲಿ ಹೊಯ್ದೆ. ಸುತ್ತ ಗಂಡಸರು ಗುಂಪು ಗುಂಪಾಗಿ ಬಂದಿದ್ದರು, ಒಬ್ಬರ ಬೆನ್ನು ಇನ್ನೊಬ್ಬರು ಉಜ್ಜುತ್ತ ಕೂಗಾಡುತ್ತಿದ್ದರು. ನನ್ನ ಬೆನ್ನು ಒದ್ದೆಯೇ ಆಗಲಿಲ್ಲ. ಆ ಕಡೆಯಿಂದ ಮಗಳ ದನಿ ಬರುತ್ತದೇನೋ ಎಂದು ಕಿವಿಗೊಟ್ಟೆ. ನೀರು ಎಲ್ಲವನ್ನೂ ನುಂಗಿತ್ತು. ಹೆಂಡತಿ ಸಮುದ್ರದಾಚೆ ಇದ್ದರೂ ಯಾವ ಹೊತ್ತಿಗೆ ಎದ್ದಳು, ಏನು ಉಂಡಳು ಎಂದು ನನಗೆ ಗೊತ್ತಿರುತ್ತದೆ. ಕೂಗಳತೆಯಲ್ಲಿದ್ದ ಮಗಳ ಬಗ್ಗೆ ಆ ಹೊತ್ತಿನಲ್ಲಿ ನನಗೆ ಏನೂ ಗೊತ್ತಿರಲಿಲ್ಲ.

ಅವರು ಬಂದಾಗ ಮಗಳ ತಲೆಯಲ್ಲಿ ಬಿಗಿಯಾದ ಎರಡು ಜಡೆಗಳಿದ್ದವು. ಮುಖ ತೊಳೆದ ಹಣ್ಣಿನಂತಿತ್ತು. ಸೊಸೆಯರು ನನ್ನ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಹೋಗಿ ತಿನ್ನಲು ಚಕ್ಕುಲಿಯಂಥ ಮುರುಕು ಕೊಟ್ಟರು. ಮುದುಕಿ ನನ್ನ ಪಕ್ಕದ ಕಲ್ಲಿನ ಮೇಲೆ ಕೂತು ಕನ್ನಡದಲ್ಲೇ ಶುರು ಮಾಡಿದಳು.

"ಯಾಕಪ್ಪಾ, ನಮ್ ಮಾತು ನಿನ್ ಬಾಯಿಗೆ ಬರಲ್ವಾ? ನಿನ್ ಮಗಳು ಚೆಂದಾಗಿ ಆಡ್ತದೆ."

ನಾನು ಚೀಲದ ಹಗ್ಗ ಬಿಚ್ಚಿ ಮತ್ತೆ ಕಟ್ಟಿದೆ.

"ಊರು ಕೇಳಲ್ಲ, ಮನೆ ಕೇಳಲ್ಲ, ಹೆದರ್ಬೇಡ. ಒಂದ್ ಮಾತು ಹೇಳ್ಬೇಕು. ಕೂಸಿಗೆ ಅಮ್ಮಮ್ಮನ ಮನೆಗೆ ಹೋಗೋ ಆಸೆ. ಅಲ್ಲಿ ಚಿಕ್ಕಮ್ಮನ ಹೆಣ್ ಮಕ್ಳು ಅವ್ರೆ ಅಂತಲ್ಲ? ಮತ್ಯಾಕೆ ಹೋಗ್ಲಿಲ್ಲ ಅಂದ್ರೆ, ಅಪ್ಪನ ಕೂಡೆ ಮಾತಾಡಕ್ಕೆ ಯಾರೂ ಇಲ್ಲ, ತಮ್ಮ ಇನ್ನಾ ಸಣ್ಣೋನು ಅಂತೈತೆ."

"ಹಂಗೇನಿಲ್ಲಮ್ಮಾ. ನಂಗೆ ತೋಟದಾಗೆ ಕೆಲ್ಸ ಐತೆ."

"ಕೆಲ್ಸ ಮಾತಾಡ್ತದಾ?"

ಉತ್ತರಕ್ಕೆ ಕಾಯದೆ ಮೊಣಕಾಲು ಹಿಡಿದು ಎದ್ದು, ಸೊಸೆಯನ್ನು ಬಯ್ಯುತ್ತಲೇ ಹೊರಟಳು. ನಾವು ಹುಳಿಯನ್ನ ಉಂಡೆವು. ಉಪ್ಪು ಕಮ್ಮಿಯಾಗಿತ್ತು, ಆದರೂ ಮಕ್ಕಳು ಎಲೆ ಖಾಲಿ ಮಾಡಿದರು.

ಇಳಿಯುವ ದಾರಿಯಲ್ಲಿ ಮಗಳು ಮುಂದೆ, ಜಡೆಗಳು ಬೆನ್ನ ಮೇಲೆ ಕುಣಿಯುತ್ತಿದ್ದವು. ಹಿಂದಿನಿಂದಲೇ ಕೇಳಿದೆ. ಮುಖ ನೋಡಿ ಕೇಳಲು ಆಗುತ್ತಿರಲಿಲ್ಲ.

"ಅಮ್ಮಮ್ಮನ ಮನೇಲಿದ್ದು ಇಸ್ಕೂಲಿಗೆ ಹೋಗ್ತೀಯಾ ಕಣ್ಣು?"

ಜಡೆಗಳು ನಿಂತವು. "ನೀನು?"

"ನಾನು ಬರ್ತಾ ಇರ್ತೀನಿ. ಟೀ ಅಂಗ್ಡಿಗೂ ಹೋಗ್ತೀನಿ. ಅಲ್ಲಿ ಬೇಕಾದಷ್ಟು ಜನ ಅವ್ರೆ."

"ಸರಿ" ಎಂದಳು. ಹಿಂದಕ್ಕೆ ಬಂದು ನನ್ನ ಕೈ ಹಿಡಿದಳು. ಗೇಟಿನವರೆಗೂ ಬಿಡಲಿಲ್ಲ. ಆ ಜಡೆಗಳನ್ನು ಮಾತ್ರ ಎರಡು ದಿನ ಬಿಚ್ಚಲು ಬಿಡಲಿಲ್ಲ.

ರಜೆ ಮುಗಿಯುವ ಮುನ್ನ ದಿಂಡುಗಲ್ಲಿಗೆ ಬಿಟ್ಟು ಬಂದೆ. ಅತ್ತೆ ಗೆದ್ದ ಮುಖ ಮಾಡುತ್ತಾರೆಂದು ಎಣಿಸಿದ್ದೆ, ಮಾಡಲಿಲ್ಲ. ಇನ್ನೊಂದು ತುತ್ತು ಉಣ್ಣಿ ಎಂದು ಬಡಿಸಿದರು. ತೇನಿಗೆ ಮರಳುವ ಬಸ್ಸಿನಲ್ಲಿ ಮಗ ಕಿಟಕಿಯ ಪಕ್ಕ ಕೂತು ಪಕ್ಕದ ಖಾಲಿ ಜಾಗವನ್ನು ಮುಟ್ಟಿ ಮುಟ್ಟಿ ನೋಡಿದ.

"ಅಪ್ಪಾ, ಅಕ್ಕನೂ ಫೋನ್‌ನೊಳಿಕ್ಕೆ ಹೋದ್ಲಾ?"

ಫೋನು ತೆಗೆದು ಅವನ ಕೈಗೆ ಕೊಟ್ಟೆ. ಅದನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು ಹಾಗೆಯೇ ನಿದ್ದೆ ಹೋದ. ಊರು ಬರುವತನಕ ಅದು ಮೊಳಗಲಿಲ್ಲ.