ತೂತಿಲ್ಲದ ಭರಣಿ

ಕೊಪ್ಪಳದಲ್ಲಿ ನಾವು ಬಾಡಿಗೆಗೆ ಇದ್ದದ್ದು ಒಂದು ವಾಡೆಯ ಮೇಲಂತಸ್ತಿನಲ್ಲಿ. ಎರಡೇ ಖೋಲಿ. ನಿಜಾಮರ ಕಾಲ, ದೊಡ್ಡ ಲಡಾಯಿ ಇನ್ನೂ ಶುರುವಾಗಿರಲಿಲ್ಲ. ನನ್ನ ಗಂಡ ಅರಿವೆ ಅಂಗಡಿಯಲ್ಲಿ ಕೆಲಸಕ್ಕಿದ್ದರು. ನಮಗೆ ಅಂಗಳವಿಲ್ಲ, ಹಿತ್ತಿಲಿಲ್ಲ. ಗಿಡ ಇಡಬೇಕೆಂದರೆ ಕಿಟಕಿಯ ಹೊರಗಿನ ಹಲಗೆ, ಗೋಡೆಯ ಗೂಡು, ಮೆಟ್ಟಿಲ ತುದಿ, ಇಷ್ಟೇ ಜಾಗ.

ನನಗೆ ಗಿಡಕ್ಕಿಂತ ಕುಂಡದ ಮೇಲೆಯೇ ಆಸೆ ಹೆಚ್ಚು. ಸಣ್ಣ ಖೋಲಿಯಲ್ಲಿ ದೊಡ್ಡ ಕುಂಡ ಇಟ್ಟರೆ ಮನುಷ್ಯರು ಮೂಲೆ ಹಿಡಿಯಬೇಕಾಗುತ್ತದೆ. ಅದಕ್ಕೆ ಬಾಯಿ ಒಡೆದ ತತ್ರಾಣಿ, ಖಾಲಿ ಎಣ್ಣೆ ಡಬ್ಬಿ, ಏನು ಸಿಕ್ಕರೂ ತಂದು ಕೆಮ್ಮಣ್ಣು ಬಳಿದು ಸುಣ್ಣದ ಚುಕ್ಕಿ ಇಡುತ್ತಿದ್ದೆ. ನೀರು ಇಳಿಯಲು ತಳಕ್ಕೆ ಮೊಳೆಯಿಂದ ತೂತು ಹೊಡೆಯುತ್ತಿದ್ದೆ. ಎತ್ತರದ್ದು ಹಿಂದೆ, ಗಿಡ್ಡದ್ದು ಮುಂದೆ, ಜೋತುಬೀಳುವ ಬಳ್ಳಿ ಗೂಡಿನಲ್ಲಿ. ಮನೆಗೆ ಬಂದವರು ‘ಛಲೋ ಜೋಡಿಸೀರಿ’ ಎಂದರೆ ದಿನವಿಡೀ ಅದೇ ಗುಂಗು. ನಾನು ಓದಿದ್ದು ಮೂರನೆಯ ಇಯತ್ತೆ. ಬೇರೆ ಯಾವುದಕ್ಕೂ ನನ್ನನ್ನು ಹೊಗಳಿದವರಿಲ್ಲ.

ಗಿಡ ಬೆಳೆಸುತ್ತಿದ್ದವಳು ನನ್ನ ತಂಗಿ. ತಂದೆ ತಾಯಿ ತೀರಿದ ಮೇಲೆ ನಮ್ಮಲ್ಲೇ ಇದ್ದಳು, ಅವಳ ಮದುವೆಯ ಭಾರ ನನ್ನ ಮೇಲಿತ್ತು. ಅವಳ ಎಡಗಾಲು ತುಸು ಕುಂಟು. ನೋಡಲು ಬಂದವರು ಅವಳು ನಾಲ್ಕು ಹೆಜ್ಜೆ ಇಡುವುದರೊಳಗೆ ನೀರು ಕುಡಿದು ಎದ್ದುಬಿಡುತ್ತಿದ್ದರು. ಆದರೆ ಅವಳ ಕೈಗುಣ ಇಡೀ ವಾಡೆಗೆ ಗೊತ್ತಿತ್ತು. ಹೊಸ ಬಳ್ಳಿ ಊರುವಾಗ, ಕುಂಬಳದ ಬೀಜ ಹಾಕುವಾಗ, ಉಪ್ಪಿನಕಾಯಿ ಕಲಸುವಾಗ ಎಲ್ಲರೂ ಅವಳನ್ನೇ ಕರೆಯುತ್ತಿದ್ದರು. ಅವಳು ಮುಟ್ಟಿದ್ದು ಹತ್ತುತ್ತದೆ, ಕೆಡುವುದಿಲ್ಲ ಎಂಬ ನಂಬಿಕೆ.

ವಾಡೆಯ ಒಡತಿ ಕೆಳಗೆ ಇರುತ್ತಿದ್ದರು. ಒಂದು ದಿನ ಅವರು ಮರುಗದ ಎರಡು ಕಡ್ಡಿ ಹಿಡಿದು ಮೇಲೆ ಬಂದರು.

“ಏ ಹುಡುಗಿ, ಇದನ್ನ ನಿನ್ನ ಕೈಯಾಗ ಕೊಟ್ಟೇನಿ. ನಮ್ಮ ಯಲಬುರ್ಗಾದ ತಮ್ಮನ ಹೇಂತಿ ಬರೋ ತಿಂಗಳ ಬರತಾಳ, ಮಗಗ ಹೆಣ್ಣ ನೋಡಾಕ ಹತ್ಯಾಳ. ಅವರ ಮನ್ಯಾಗ ಮರುಗ ಹತ್ತಿದ್ದ ಇಲ್ಲ. ಕಾಲ ನೋಡಬ್ಯಾಡ, ಕೈ ನೋಡು ಅಂತ ಆಕಿಗೆ ಹೇಳೇನಿ.”

ತಂಗಿ ನಕ್ಕಳು. “ಹಂಗಾರ ಮದುವಿ ನನಗೋ, ಮರುಗಕ್ಕೋ, ಅವ್ವಾರ?”

“ಮದ್ಲ ಅದು ಚಿಗೀಲಿ, ಆಮ್ಯಾಲ ನೀ ಚಿಗಿಯಂತಿ!”

ಅವಳು ಕಡ್ಡಿಗಳನ್ನು ಕುಂಬಾರನ ಸಾದಾ ಮಣ್ಣಿನ ಕುಂಡದಲ್ಲಿ ಊರಿದಳು. ಎರಡೂ ಹತ್ತಿದವು. ಮೂರು ವಾರದಲ್ಲಿ ಮೈತುಂಬ ಎಲೆ, ಕಿಟಕಿ ತೆಗೆದರೆ ಘಮಘಮ. ಅದನ್ನು ಹಾಗೇ ಬಿಟ್ಟಿದ್ದರೆ ಸಾಕಿತ್ತು.

ಆ ಕುಂಡಕ್ಕೆ ಉಪ್ಪು ಒಡೆದು ಬೆಳ್ಳನೆ ಪಟ್ಟಿ ಮೂಡಿತ್ತು. ಯಲಬುರ್ಗಾದವರು ಬಂದಾಗ ಅದು ಕಣ್ಣಿಗೆ ಬಿದ್ದರೆ ಹೇಗೆ ಎಂದು ನನಗೆ ಚಿಂತೆ ಹತ್ತಿಕೊಂಡಿತು. ಸಂತೆಯಲ್ಲಿ ಹಳೆ ಸಾಮಾನಿನವನ ಹತ್ತಿರ ಒಂದು ಚೀನಿ ಭರಣಿ ಸಿಕ್ಕಿತು. ಮುಚ್ಚಳವಿಲ್ಲ, ಆದರೆ ಹಾಲಿನಂಥ ಮೈಮೇಲೆ ನೀಲಿ ಹೂವು. ತಂದು ಹಲಗೆಯ ನಡುವೆ ಇಟ್ಟು, ದೂರ ನಿಂತು ನೋಡಿ ಹಿಗ್ಗಿದೆ.

ತಂಗಿ ಅದನ್ನು ಬೋರಲು ಹಾಕಿ ನೋಡಿದಳು. “ಯಕ್ಕಾ, ಇದರ ತಳದಾಗ ತೂತ ಇಲ್ಲಲ್ಲ. ಮರುಗಕ್ಕ ನೀರ ನಿಂತ್ರ ಆಗೂದಿಲ್ಲ.”

“ಹೊಡಿಸಿಕೊಂಡ ಬರ್ತೀನಿ ತಗಿ.”

ಕಲ್ಲುಕುಟಿಗನ ಹತ್ತಿರ ಒಯ್ದೆ. ಅವನು ಬೆರಳಿನಿಂದ ತಟ್ಟಿ, “ಹೊಡಿತೀನ್ರಿ, ಒಡದ್ರ ನನ್ನ ಬೈಬ್ಯಾಡ್ರಿ” ಎಂದ. ನನಗೆ ಧೈರ್ಯವಾಗಲಿಲ್ಲ, ಹಾಗೇ ಹೊತ್ತು ತಂದೆ. ತಂಗಿ ಬಾವಿಗೆ ಹೋಗಿದ್ದಾಗ ನಾನೇ ಮಣ್ಣು ತುಂಬಿ ಮರುಗವನ್ನು ಭರಣಿಗೆ ಬದಲಿಸಿದೆ, ಅವಳು ತಳ ನೋಡಬಾರದೆಂದು. ಅವಳು ಬಂದು “ತೂತ ಹೊಡಿಸಿದಿ?” ಎಂದು ಕೇಳಿದಾಗ “ಹೂಂ” ಎಂದೆ. ಅವಳು ನಂಬಿದಳು. ದಿನಾ ಬೆಳಿಗ್ಗೆ ಒಂದು ತಂಬಿಗೆ ನೀರು ಹಾಕುತ್ತ ಬಂದಳು.

ಎಂಟು ದಿನಕ್ಕೆ ಕೆಳಗಿನ ಎಲೆಗಳು ಹಳದಿಯಾದವು. ಮೇಲಿನ ಮಣ್ಣು ಮಾತ್ರ ಬಿಸಿಲಿಗೆ ಒಣಗಿಯೇ ಕಾಣುತ್ತಿತ್ತು. “ಬಿಸಲಿಗೆ ನೀರ ಸಾಲವಲ್ದೇನೋ” ಎಂದು ಅವಳು ಸಂಜೆಯೂ ನೀರು ಹಾಕತೊಡಗಿದಳು. ನಾನು ಅಲ್ಲೇ ಅಕ್ಕಿ ಆರಿಸುತ್ತ ಕೂತು ನೋಡಿದೆ. ಆಗ ಬಾಯಿಬಿಟ್ಟಿದ್ದರೆ ಒಂದು ಟೊಂಗೆಯಾದರೂ ಉಳಿಯುತ್ತಿತ್ತು. ಸುಳ್ಳು ಹೊರಬಿದ್ದರೆ ಸಣ್ಣವಳ ಮುಂದೆ ಸಣ್ಣವಳಾಗುತ್ತೇನೆಂದು ಸುಮ್ಮನಿದ್ದೆ.

ಯಲಬುರ್ಗಾದ ಹೆಂಗಸು ಮೋಟಾರಿನಲ್ಲಿ ಬಂದಿಳಿದ ದಿನ ಮರುಗ ಬುಡದವರೆಗೂ ಕರ್ರಗಾಗಿತ್ತು. ಮುಚ್ಚಿಡೋಣವೆಂದರೆ ಒಡತಿ ನೇರ ಕಿಟಕಿಗೇ ಕರೆತಂದರು. ಆಕೆ ಒಣಗಿದ ಕಡ್ಡಿಯನ್ನು ಮುಟ್ಟಿ ಕೇಳಿದರು:

“ನೀರ ಹಾಕಾಕಿ ಯಾರವಾ?”

“ನಾನ ರೀ” ಎಂದಳು ತಂಗಿ. ಆಮೇಲೆ ನನ್ನ ಕಡೆ ತಿರುಗಿದಳು. “ಯಕ್ಕಾ, ತೂತ ಹೊಡಿಸಿದ್ದಿ ಹೌದಲ್ಲ?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಒಂದು ಮಾತಿನಲ್ಲಿ ಅವಳನ್ನು ಉಳಿಸಬಹುದಿತ್ತು. “ಹೊಡಿಸೇನಿ. ಹೊಡಿಸದ ಬಿಡ್ತೀನೇನ?” ಎಂದೆ. ಎರಡನೆಯ ಸಲ, ಮೊದಲಿಗಿಂತ ಗಟ್ಟಿಯಾಗಿ.

“ಹಂಗಾರ ಕುಂಡದ ತಪ್ಪಲ್ಲ ಬಿಡು” ಎಂದರು ಆ ಹೆಂಗಸು. ಅವಲಕ್ಕಿ ಕೊಟ್ಟರೆ ಉಪವಾಸವೆಂದರು. ಒಡತಿ ಅವರ ಹಿಂದೆಯೇ ಇಳಿದು ಹೋದರು.

ಅವತ್ತೇ ಮಧ್ಯಾಹ್ನ ಭರಣಿಯನ್ನು ಹಿಂದಿನ ಗಟಾರಕ್ಕೆ ಒಯ್ದು ಬೋರಲು ಹಾಕಿದೆ. ಕೊಳೆತ ನೀರು ಗಬ್ಬೆಂದು ನಾರಿತು. ತಳ ಯಾರ ಕಣ್ಣಿಗೂ ಬೀಳದಿರಲೆಂದು ಕಲ್ಲಿಗೆ ಅಪ್ಪಳಿಸಿದೆ. ಸದ್ದು ಕೇಳಿ ತಂಗಿ ಕುಂಟುತ್ತ ಓಡಿಬಂದಳು. ಅವಳ ಮೇಲಿನ ಸಿಟ್ಟಿಗೆ ಒಡೆದೆನೆಂದುಕೊಂಡಳು.

“ಹೋಗ್ಲಿ ಬಿಡ ಯಕ್ಕಾ, ಅಳಬ್ಯಾಡ. ನನ್ನ ಕೈ ಕೆಟ್ಟದ್ದಕ್ಕ ನಿನ್ನ ಭರಣಿ ಏನ ಮಾಡೀತು?”

ಚೂರುಗಳನ್ನು ಅವಳೇ ಆರಿಸಿದಳು.

ಆ ಮೇಲೆ ವಾಡೆಯಲ್ಲಿ ಅವಳನ್ನು ಯಾರೂ ಯಾವುದಕ್ಕೂ ಕರೆಯಲಿಲ್ಲ. ಎರಡು ವರ್ಷದ ನಂತರ ಗಂಗಾವತಿ ಕಡೆಯ ಒಬ್ಬ ರೈತನಿಗೆ ಎರಡನೆಯ ಸಂಬಂಧವಾಗಿ ಕೊಟ್ಟೆವು. ಗಂಡ ಒಳ್ಳೆಯವನೇ. ಒಮ್ಮೆ ಭತ್ತದ ನಾಟಿಯ ಹೊತ್ತಿಗೆ ಹೋಗಿದ್ದೆ. ಹೊಳೆಯ ಕಾಲುವೆ ಹರಿಯುವ ಗದ್ದೆ. ಮೊದಲ ಹಿಡಿ ಸಸಿ ಮನೆಯ ಸೊಸೆ ಹಚ್ಚುವುದು ಅವರಲ್ಲಿ ಪದ್ಧತಿ. ಅವಳು ಬದುವಿನ ಮೇಲೆ ನಿಂತು ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು.

“ನಾ ಒಲ್ಲೆ, ಅತ್ತಿ. ನನ್ನ ಕೈ ಛಲೋ ಅಲ್ಲ.”

“ವರ್ಷಾ ಇದ ಹಾಡ ಈಕಿದು” ಎಂದು ಅತ್ತೆ ಗೊಣಗಿ, ನನ್ನ ಕಡೆ ನೋಡಿ ಕೇಳಿದರು: “ನೀವರ ಹೇಳ್ರಿ, ಬೀಗತಿ. ಸಣ್ಣಾಕಿ ಇದ್ದಾಗಿಂದ ಹಿಂಗ ಏನು?”

ಅಲ್ಲ ಎನ್ನಬಹುದಿತ್ತು. ಅಂದರೆ ಮತ್ತೆ ಯಾವಾಗಿನಿಂದ ಎಂದು ಅವರು ಕೇಳುತ್ತಿದ್ದರು. ನಾನು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಕೆಸರಿಗಿಳಿದು, ಆ ಸಸಿಯನ್ನು ನಾನೇ ಹಚ್ಚಿದೆ. ತಂಗಿ ಬದುವಿನ ಮೇಲಿಂದ ನನ್ನನ್ನು ನೋಡಿ, ತನ್ನನ್ನು ಪಾರುಮಾಡಿದೆನೆಂದು ನಕ್ಕಳು.